ಮೂಳೆಯ ಮಣೆ

ಕಾಪುವಿನ ನಮ್ಮ ತಾಯಿಮನೆಗೆ ಬಂದವರಿಗೆ ಕುಳಿತುಕೊಳ್ಳಲು ಕೊಡುವುದು ಒಂದು ಮೂಳೆಯನ್ನು. ಕಲ್ಲಲ್ಲ, ಮರವಲ್ಲ, ನಿಜವಾದ ಮೂಳೆ. ನಾನು ಹುಟ್ಟುವ ಮೊದಲು ಯಾವುದೋ ಮಳೆಗಾಲದಲ್ಲಿ ನಮ್ಮ ತೀರಕ್ಕೆ ಒಂದು ದೊಡ್ಡ ಮೀನು ಸತ್ತು ಬಂದು ಬಿದ್ದಿತ್ತಂತೆ. ನಮ್ಮ ಮನೆಗಿಂತ ಉದ್ದವಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನ ಬಲೆಯಿಂದ ತಪ್ಪಿಸಿಕೊಂಡು ಹೋದ ಮೀನುಗಳೆಲ್ಲ ಅಷ್ಟೇ ಉದ್ದವಿರುತ್ತಿದ್ದವು, ಆದ್ದರಿಂದ ಅರ್ಧ ಕಳೆದು ನಂಬಿದರೆ ಸಾಕು. ಕಾಗೆ, ನಾಯಿ, ಮಳೆ ಎಲ್ಲವೂ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದ ಬೆನ್ನುಮೂಳೆಯ ಒಂದು ಗಂಟನ್ನು ಅಪ್ಪ ಉರುಳಿಸಿಕೊಂಡು ತಂದು ಅಂಗಳದಲ್ಲಿ ಹಾಕಿದರು. ಅಂದಿನಿಂದ ಅದು ನಮ್ಮ ಮನೆಯ ಮಣೆ.

ಬಂದವರು ಗೊತ್ತಿಲ್ಲದೆ ಕುಳಿತು, "ಎಂತ ಕಲ್ಲು ಮಾರಾಯ್ರೆ ಇದು, ಇಷ್ಟು ತಂಪು?" ಎಂದು ಕೇಳುತ್ತಿದ್ದರು. ಅವರು ಚಹಾ ಕುಡಿದು ಮುಗಿಸುವವರೆಗೂ ಅಕ್ಕ ಮತ್ತು ನಾನು ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಹೇಳುತ್ತಿದ್ದೆವು. ಕೆಲವರು ನಗುತ್ತಿದ್ದರು, ಕೆಲವರು ಲೋಟ ಕೈಯಲ್ಲಿಟ್ಟುಕೊಂಡೇ ಎದ್ದು ನಿಲ್ಲುತ್ತಿದ್ದರು.

ಆ ಮೂಳೆಯನ್ನು ಹತ್ತಿರದಿಂದ ನೋಡಿದರೆ ಮೈತುಂಬ ಸಣ್ಣ ಸಣ್ಣ ತೂತು. ಮಳೆಯ ನೀರನ್ನೆಲ್ಲ ಕುಡಿದು, ಬಿಸಿಲು ಬಂದಾಗ ಮಟಮಟ ಮಧ್ಯಾಹ್ನ ಅದು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ಯಾರೋ ಒಳಗಿನಿಂದ ಉಗುರಿನಲ್ಲಿ ತಟ್ಟಿದ ಹಾಗೆ. "ಅದಕ್ಕೆ ಸಮುದ್ರದ ನೆನಪಾಗುವುದು" ಎಂದು ಅಮ್ಮ ಹೇಳುತ್ತಿದ್ದರು. ನಾವಿಬ್ಬರೂ ಎರಡು ಕಡೆಯಿಂದ ಕಿವಿ ಇಟ್ಟು ಕೇಳುತ್ತಿದ್ದೆವು. ಈಗ ನನ್ನ ಮೊಣಕಾಲೇ ಆ ಸದ್ದು ಮಾಡುತ್ತದೆ. ಎದ್ದು ನಿಂತಾಗಲೆಲ್ಲ ಹಿಂದೆ ಯಾರಿದ್ದಾರೆ ಎಂದು ಒಮ್ಮೆ ತಿರುಗಿ ನೋಡುತ್ತೇನೆ.

ಮೂಳೆಯ ವಿಷಯದಲ್ಲಿ ಅಪ್ಪನದು ಒಂದೇ ಮಾತು. "ಮೂಳೆಗೆ ಮೂಳೆಯೇ ಆಗಬೇಕು. ಮುಳ್ಳು ಬಿಸಾಡಬೇಡಿ." ಹುರಿದ ಬೂತಾಯಿ ಮೀನನ್ನು ನಾವು ತಲೆಯಿಂದ ಬಾಲದವರೆಗೆ ಜಗಿದು ನುಂಗುತ್ತಿದ್ದೆವು. ಬೂತಾಯಿಯ ಮುಳ್ಳು ಬೆರಳಿಗೆ ಹೋಗುತ್ತದೆ, ಬಂಗುಡೆಯದ್ದು ಕೈಕಾಲಿಗೆ, ಶಾರ್ಕಿನದ್ದು ಬೆನ್ನಿಗೆ ಎಂದು ನಾನು ನನ್ನಷ್ಟಕ್ಕೇ ಲೆಕ್ಕ ಹಾಕಿಕೊಂಡಿದ್ದೆ. ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋದರೂ ಆ ವಿದ್ಯೆಯನ್ನು ಅಳಿಸುವ ಮೇಷ್ಟ್ರು ಸಿಗಲಿಲ್ಲ. ಅಕ್ಕ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಳು. ಅಮ್ಮ ಮೀನು ಮಾರಲು ಹೋದಾಗ ತೊಟ್ಟಿಲಿನಲ್ಲಿದ್ದ ನನ್ನನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಹಾಗಾಗಿ ನನಗೆ ಓದಲು ಬರುತ್ತದೆ, ಅವಳಿಗೆ ಬರುವುದಿಲ್ಲ. ಭಾನುವಾರ ನಾನು ಹೋದಾಗ ಅವಳಿಗೆ ಪೇಪರ್ ಓದಿ ಹೇಳುತ್ತೇನೆ. ಮನೆಯಲ್ಲಿ ನಮ್ಮ ಮಾತು ತುಳು. ಪೇಪರಿನ ಕನ್ನಡವನ್ನು ನಾನು ಅಲ್ಲಲ್ಲೇ ತುಳು ಮಾಡುತ್ತಾ ಹೋಗಬೇಕು. ಕಡಲಿನಲ್ಲಿ ದೋಣಿ ಮಗುಚಿದ ಸುದ್ದಿ ಬಂದರೆ ಆ ಸಾಲುಗಳನ್ನು ಹಾರಿಸುತ್ತೇನೆ. ಅಕ್ಕ ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಿಯೋ ಹಾರಿಸಿದೆ ನೀನು" ಎನ್ನುತ್ತಾಳೆ. ಅವಳಿಗೆ ಅದು ಹೇಗೆ ಗೊತ್ತಾಗುತ್ತದೆಂದು ನನಗೆ ಇವತ್ತಿಗೂ ತಿಳಿಯದು.

ಹಾರಿಸಲು ಕಾರಣ ಇದೆ. ಅಕ್ಕನ ಗಂಡನನ್ನು, ಅಂದರೆ ನಮ್ಮ ಭಾವನನ್ನು, ಕಡಲು ತೆಗೆದುಕೊಂಡಿತು. ಅವರು ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ಇದ್ದವರು. ಬೆಳಿಗ್ಗೆ ಮೂಳೆಯ ಮಣೆಯ ಮೇಲೆ ಕುಳಿತು ಬೀಡಿ ಸೇದಿ ಹೋದರು. ದೋಣಿ ಮರಳಿ ಬಂತು, ಜೊತೆಯವರು ಬಂದರು, ಅವರು ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಬಹಳ ಅಳಲೂ ಇಲ್ಲ.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಇದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕುಳಿತುಕೊಳ್ಳಬೇಕು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಭಾವನಿಗೆ ಮೊದಲ ಸಲ ಬಡಿಸುವಾಗ ನಾನು ಒಣಮೀನಿನ ಚಟ್ನಿ ಮಾಡಿದ್ದೆ. ಅಕ್ಕ ನನ್ನ ಕೈಯಿಂದ ಆ ಪಾತ್ರೆ ತೆಗೆದುಕೊಂಡು ಹೊರಗಿಟ್ಟಳು.

"ಅವರಿಗೆ ಇಷ್ಟ ಅಲ್ವಾ ಅಕ್ಕ?"

"ಅವರನ್ನು ತಿಂದ ಮೀನು ಯಾವುದು ಅಂತ ನಿನಗೆ ಗೊತ್ತುಂಟಾ?"

ನಾನು ಇಲ್ಲವೆಂದು ತಲೆ ಆಡಿಸಿದೆ.

"ನನಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಬಿಡಬೇಕು."

ಬಿಟ್ಟಳು. ಮೀನು, ಕೋಳಿ, ಮೊಟ್ಟೆ ಎಲ್ಲವನ್ನೂ. ಹಾಲು ಅವಳಿಗೆ ಚಿಕ್ಕಂದಿನಿಂದಲೂ ಹೊಟ್ಟೆಗೆ ಆಗುತ್ತಿರಲಿಲ್ಲ. ಉಳಿದದ್ದು ಅನ್ನ, ತೆಂಗಿನಕಾಯಿ, ಒಂದಿಷ್ಟು ಸೊಪ್ಪು. ಪಕ್ಕದ ಮನೆಯ ಸುಂದರಕ್ಕ ಮೀನಿನ ಬುಟ್ಟಿ ಇಳಿಸಿ, "ಎಂತ ಜಲಜ, ನಾಳೆಯಿಂದ ಮಠಕ್ಕೆ ಪೂಜೆಗೆ ಹೋಗುವವಳಾ?" ಎಂದು ತಮಾಷೆ ಮಾಡಿದಳು. ಅಕ್ಕ ನಕ್ಕಳು, ಆದರೆ ಬುಟ್ಟಿಯ ಕಡೆ ನೋಡಲಿಲ್ಲ.

ಹೀಗೆ ವರ್ಷಗಳು ಹೋದವು. ಒಂದು ಏಪ್ರಿಲ್‌ನಲ್ಲಿ ಬಾವಿಕಟ್ಟೆಯ ಹತ್ತಿರ ಕಾಲು ಜಾರಿದಾಗ ಅಕ್ಕ ಎಡಗೈ ಊರಿದಳು. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಮಣಿಪಾಲದ ದೊಡ್ಡ ಡಾಕ್ಟರು ಪಟ್ಟಿ ಹಾಕಿಸಿ, ಮೂಳೆಯ ಗಟ್ಟಿತನದ ಪರೀಕ್ಷೆಯನ್ನೂ ಮಾಡಿಸಿದರು. ಗೋಡೆಯ ಮೇಲೆ ಎರಡು ಚಿತ್ರ ಇತ್ತು. ಒಂದು ಒಳ್ಳೆಯ ಮೂಳೆ, ಇನ್ನೊಂದು ಸವೆದ ಮೂಳೆ. ಎರಡನೆಯದನ್ನು ತೋರಿಸಿ, "ನಿಮ್ಮ ಅಕ್ಕನದು ಈಗ ಹೀಗೆ ಉಂಟು" ಎಂದರು. ಮೈತುಂಬ ತೂತು. ನಮ್ಮ ಅಂಗಳದ ಮಣೆಯೇ ಗೋಡೆಯ ಮೇಲೆ ನೇತಾಡುತ್ತಿತ್ತು. ಅಕ್ಕನ ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟುತ್ತಿರುವ ಹಾಗೆ ಅನಿಸಿತು.

ಏನು ತಿನ್ನಬೇಕೆಂದು ಹೇಳುವವಳು ಬೇರೊಂದು ಕೋಣೆಯಲ್ಲಿದ್ದಳು. ಕಾರ್ಕಳ ಕಡೆಯ ಹುಡುಗಿ, ವಯಸ್ಸಿನಲ್ಲಿ ನನ್ನ ಮಗಳ ಹಾಗೆ. ಅಕ್ಕ ಮೀನು ಬಿಟ್ಟ ಕತೆಯನ್ನು ನಾನು ದೂರು ಕೊಡುವ ಹಾಗೆ ಹೇಳಿದೆ. ಬೈದು ಬುದ್ಧಿ ಹೇಳುತ್ತಾಳೆಂದು ನನ್ನ ಆಸೆ. ಅವಳು ಅಕ್ಕನನ್ನೇ ನೋಡಿ ಹೇಳಿದಳು.

"ಮೀನು ಬೇಡದಿದ್ದರೆ ಬೇಡ ಅಮ್ಮಾ. ರಾಗಿ ತಿನ್ನಿ, ಕಪ್ಪು ಎಳ್ಳು ತಿನ್ನಿ, ನುಗ್ಗೆ ಸೊಪ್ಪು, ಹುರುಳಿ, ಮೊಳಕೆ ಬರಿಸಿದ ಹೆಸರು. ಬಸಳೆ ಹರಿವೆ ತಿನ್ನಬಹುದು, ಆದರೆ ಅದರಲ್ಲಿರುವ ಸುಣ್ಣದ ಅಂಶ ಮೈಗೆ ಹತ್ತುವುದು ಕಡಿಮೆ. ಬೆಳಗ್ಗಿನ ಬಿಸಿಲಲ್ಲಿ ನಡೆಯಿರಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ."

"ಸೊಪ್ಪಿನಿಂದ ಮೂಳೆ ಆಗ್ತದಾ?" ಎಂದು ನಾನು ಬಾಯಿ ಹಾಕಿದೆ.

"ನಮ್ಮ ಊರಿನ ಜೈನ ಅಜ್ಜಿಯಂದಿರನ್ನು ನೋಡಿದ್ದೀರಾ? ಗೊಮ್ಮಟನ ಬೆಟ್ಟ ಹತ್ತುತ್ತಾರೆ, ಕೋಲು ಸಹ ಇಲ್ಲದೆ. ಅವರೇನು ಬಂಗುಡೆ ತಿಂದು ಹತ್ತುವುದಾ?"

ಅಕ್ಕ ನಕ್ಕುಬಿಟ್ಟಳು. ನನಗೆ ಸಿಟ್ಟು ಬಂತು. ಉಡುಪಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಯೋಚಿಸಿದೆ. ಆ ಅಜ್ಜಿಯಂದಿರದು ಗುಡ್ಡದ ಮೂಳೆ, ನಮ್ಮದು ಕಡಲಿನ ಮೂಳೆ. ಅಪ್ಪ ಹೇಳಿದ್ದು ಸುಳ್ಳಾಗುತ್ತದೆಯೇ? ಏಳನೇ ಕ್ಲಾಸು ಓದಿದವಳ ತಲೆಗೆ ಒಮ್ಮೆ ಹೊಕ್ಕದ್ದು ಹೊರಗೆ ಬರುವುದು ಕಷ್ಟ.

ನಾನು ಹಿರಿಯಡ್ಕದಲ್ಲಿ ಒಂದು ಹಿಟ್ಟಿನ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಗಂಡನ ಮನೆ ಅಲ್ಲಿಯೇ. ರಾಗಿ, ಎಳ್ಳು ಹದವಾಗಿ ಹುರಿದು ಹಿಟ್ಟು ಮಾಡಿ ಪ್ರತಿ ಭಾನುವಾರ ಅಕ್ಕನಿಗೆ ತಲುಪಿಸುವುದು ನನ್ನ ಪಾಲಿಗೆ ಬಂತು. ಪಟ್ಟಿ ಬಿಚ್ಚಿದ ವಾರ ನಾನು ಒಂದು ಕಳ್ಳ ಕೆಲಸ ಮಾಡಿದೆ. ಬೊಳೆಂಜಿರ್ ಎಂಬ ಬೆರಳುದ್ದದ ಒಣಮೀನು ತಂದು, ತಲೆ ತೆಗೆದು, ಮುಳ್ಳು ಸಮೇತ ಕರುಕುರು ಎನ್ನುವಂತೆ ಹುರಿದು, ಮನೆಯ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿದೆ. ಹಾಲಿನಪುಡಿಯ ಒಂದು ಹಳೆಯ ಡಬ್ಬದಲ್ಲಿ ತುಂಬಿಸಿ ಅಕ್ಕಿಯ ಡ್ರಮ್ಮಿನ ಹಿಂದೆ ಅಡಗಿಸಿಟ್ಟೆ. ಅಕ್ಕನ ಒಂದು ವಾರದ ಹಿಟ್ಟಿಗೆ ಮೂರು ಚಮಚ. ಒಂದು ತಿಂಗಳು ಅದೇ ಮಿಕ್ಸಿಯ ಏಲಕ್ಕಿ ಪುಡಿ ಹಾಕಿದ ನಮ್ಮ ಮನೆಯ ಚಹಾಕ್ಕೆ ಮೀನಿನ ವಾಸನೆ ಬರುತ್ತಿತ್ತು. ನನ್ನ ಗಂಡ, "ಹಾಲು ಯಾರ ಮನೆಯದ್ದು ಮಾರಾಯ್ತಿ, ಆ ದನ ಎಂತ ಸಮುದ್ರದಲ್ಲಿ ಮೇಯುವುದಾ?" ಎಂದು ಕೇಳಿದರು. ನಾನು ದನದ ಮೇಲೆಯೇ ಹಾಕಿದೆ.

ಮೀನುಗಾರರ ಕೇರಿಯಲ್ಲಿ ಮೀನಿನ ವಾಸನೆಯನ್ನು ಯಾರೂ ಗಮನಿಸುವುದಿಲ್ಲ, ನೀರಿನಲ್ಲಿ ನಿಂತವನಿಗೆ ಒದ್ದೆ ಗೊತ್ತಾಗದ ಹಾಗೆ. ನನ್ನ ಧೈರ್ಯ ಅದೇ ಆಗಿತ್ತು.

ಮೊದಲ ಭಾನುವಾರ ಅಕ್ಕ ಆ ಹಿಟ್ಟಿಗೆ ನುಗ್ಗೆ ಸೊಪ್ಪು ಹಾಕಿ ರೊಟ್ಟಿ ತಟ್ಟಿದಳು. ಕಾವಲಿ ಕಾದು ಹೊಗೆ ಎದ್ದಿತು. ಅಕ್ಕ ಸಟ್ಟುಗ ಹಿಡಿದವಳು ಹಾಗೆಯೇ ನಿಂತಳು. ಸಿಕ್ಕಿಬಿದ್ದೆ ಎಂದುಕೊಂಡೆ.

"ಬೇಬಿ" ಎಂದಳು, ಬಹಳ ಮೆಲ್ಲಗೆ. "ಭಾವ ಬಂದಿದ್ದಾರೆ."

"ಯಾರು?"

"ಅವರ ಅಂಗಿಯ ವಾಸನೆ. ಕಡಲಿಂದ ಬಂದು ಇಲ್ಲಿ ಅಂಗಿ ಬಿಚ್ಚಿ ಹಾಕುತ್ತಿದ್ದರಲ್ಲ, ಅದೇ."

ಹಗಲು ಹನ್ನೆರಡು ಗಂಟೆ. ಹೊರಗೆ ಅಪರೂಪಕ್ಕೆ ಬಿಸಿಲು. ನಾನು ಬಾಗಿಲ ಕಡೆ ನೋಡಿದೆ. ಹೊಸ್ತಿಲಿನಲ್ಲಿ ಒಂದು ಬೆಕ್ಕು ಕುಳಿತಿತ್ತು, ಬಿಳಿ ಮೈಗೆ ಕಪ್ಪು ಕಿವಿ. ಮೀನಿಲ್ಲದ ಆ ಮನೆಗೆ ವರ್ಷಗಳಿಂದ ಬೆಕ್ಕು ಕಾಲಿಟ್ಟದ್ದಿಲ್ಲ. ಅದು ಕಾವಲಿಯನ್ನು ನೋಡುತ್ತಿರಲಿಲ್ಲ. ಅಕ್ಕನ ಪಕ್ಕದಲ್ಲಿ, ಯಾರೂ ಇಲ್ಲದ ಕಡೆ, ಒಬ್ಬ ಮನುಷ್ಯನ ಮುಖ ಇರುವಷ್ಟು ಎತ್ತರಕ್ಕೆ ಕತ್ತೆತ್ತಿ ನೋಡುತ್ತಿತ್ತು.

ಆಗಲೇ ಹೇಳಬಹುದಿತ್ತು. ಆದರೆ ಅಕ್ಕನ ಮುಖ ನೋಡಿ ಬಾಯಿ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ನಾನು ನೋಡದ ಮುಖ ಅದು, ಮದುವೆಯ ಮರುದಿನದ ಮುಖ. ಅಂದು ಅವಳು ಮೂರು ರೊಟ್ಟಿ ತಿಂದಳು.

ಆಮೇಲೆ ಪ್ರತಿ ಭಾನುವಾರ ಹಾಗೆಯೇ. ಅಂಗಳದ ಮೂಳೆಯ ಮಣೆಯನ್ನು ಅವಳು ಒಳಗೆ ಉರುಳಿಸಿ ತಂದು ತನ್ನ ಎದುರು ಇಟ್ಟಳು. ಊಟ ಮಾಡುತ್ತಾ ಅದರೊಡನೆ ಮಾತು. ಬಾವಿಯ ನೀರು ಉಪ್ಪಾಯಿತು, ಸುಂದರಕ್ಕನ ಮಗನಿಗೆ ಹೆಣ್ಣು ಸಿಕ್ಕಿತು, ಬೇಬಿಗೆ ತಲೆ ನರೆಯಿತು. ನಡುನಡುವೆ ಸುಮ್ಮನಾಗಿ ತಲೆ ಆಡಿಸುತ್ತಾಳೆ, ಆಚೆಯವರ ಮಾತು ಕೇಳುವ ಹಾಗೆ. ಒಮ್ಮೆ ನನ್ನ ಕಡೆ ತಿರುಗಿ, "ನೀನು ಯಾಕೆ ಸಣ್ಣಗಾದದ್ದು ಅಂತ ಅವರು ಕೇಳುತ್ತಾರೆ" ಎಂದಳು. ನಾನು ಯಾವ ಕಡೆ ನೋಡಿ ಉತ್ತರ ಕೊಡಬೇಕು?

ಅವಳು ಮೀನು ಬಿಟ್ಟದ್ದು ಯಾಕೆಂದು ನನಗೆ ಗೊತ್ತಿತ್ತು. ನಾನು ಅವಳ ತಟ್ಟೆಗೆ ಹಾಕುತ್ತಿದ್ದದ್ದು ಏನೆಂದೂ ಗೊತ್ತಿತ್ತು. ಆ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸದಿರಲು ಬಸ್ಸಿನಲ್ಲಿ ಕಿಟಕಿಯ ಹೊರಗಿನ ಅಂಗಡಿಗಳ ಬೋರ್ಡನ್ನೆಲ್ಲ ಬಾಯಿಬಿಟ್ಟು ಓದುತ್ತಾ ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಜಾಗ ಬದಲಾಯಿಸುತ್ತಿದ್ದರು.

ಒಂದು ದಿನ ಸುಂದರಕ್ಕ ಬಾಗಿಲಿನಲ್ಲಿ ನಿಂತು ಮೂಗು ಅರಳಿಸಿದಳು. "ಯಾರು ಇಲ್ಲಿ ಒಣಮೀನು ಸುಟ್ಟದ್ದು?"

"ನಿನ್ನ ಸೀರೆಯದ್ದೇ ವಾಸನೆ" ಎಂದಳು ಅಕ್ಕ. "ಮೂಗನ್ನು ಬುಟ್ಟಿಯಲ್ಲಿ ಬಿಟ್ಟು ಬಾ."

ಸುಂದರಕ್ಕ ನನ್ನ ಮುಖ ನೋಡಿದಳು. ನಾನು ನುಗ್ಗೆ ಸೊಪ್ಪು ಬಿಡಿಸುವುದರಲ್ಲಿ ಮುಳುಗಿದೆ. ಅಷ್ಟು ಶ್ರದ್ಧೆಯಿಂದ ಸೊಪ್ಪು ಬಿಡಿಸಿದವರನ್ನು ನೀವು ನೋಡಿರಲಾರಿರಿ.

ಏಳು ವಾರ ಹೀಗೆ ಹೋಯಿತು. ಎಂಟನೆಯ ಭಾನುವಾರ ಆಟಿಯ ಬಡಿಸುವ ದಿನ. ಆಟಿಯಲ್ಲಿ ನುಗ್ಗೆ ಸೊಪ್ಪು ತಿನ್ನಬಾರದು ಎಂಬ ನಂಬಿಕೆ ಇರುವುದರಿಂದ ಅಕ್ಕ ಚಗಟೆ ಸೊಪ್ಪಿನ ಪಲ್ಯ ಮಾಡಿದಳು, ಹುರುಳಿ ಬೇಯಿಸಿದಳು. ನಾನು ತಂದ ಹಿಟ್ಟಿನಿಂದ ಎರಡು ರೊಟ್ಟಿ. ಎಲೆಯನ್ನು ಮೂಳೆಯ ಮಣೆ ಇಡುತ್ತಿದ್ದ ಜಾಗದಲ್ಲಿ ಹಾಕಿ, ಮಣೆಯನ್ನು ಅಂಗಳಕ್ಕೆ ತಂದು, ಕಿಟಕಿ ಮುಚ್ಚಿ, ಬಾಗಿಲು ಎಳೆದುಕೊಂಡೆವು. ಜಗಲಿಯಲ್ಲಿ ಇಬ್ಬರೇ ಕುಳಿತೆವು. ಮಳೆ ನಿಂತಿತ್ತು. ಕಡಲಿನ ಸದ್ದು ಎಂದಿಗಿಂತ ಹತ್ತಿರದಲ್ಲಿತ್ತು.

ಸ್ವಲ್ಪ ಹೊತ್ತಿನಲ್ಲಿ ಒಳಗೆ ಎಲೆ ಸರಕ್ ಎಂದಿತು. ಆಮೇಲೆ ರೊಟ್ಟಿ ಮುರಿದ ಸದ್ದು. ಗಟ್ಟಿ ರಾಗಿ ರೊಟ್ಟಿ ಮುರಿಯುವ ಸದ್ದನ್ನು ನೀವು ಕೇಳಿದ್ದರೆ ನಿಮಗೆ ಗೊತ್ತು. ಅಕ್ಕ ನನ್ನ ಕೈ ಹಿಡಿದಳು. ಹಿಡಿದದ್ದು ಎಡಗೈಯಲ್ಲಿ, ಮುರಿದು ಕೂಡಿದ ಕೈಯಲ್ಲಿ. ಅಷ್ಟು ಬಿಗಿ ಅದಕ್ಕೆ ಎಲ್ಲಿಂದ ಬಂತು!

ಬೆಕ್ಕು, ಎಂದು ನಾನು ನನಗೇ ಹೇಳಿಕೊಂಡೆ. ಹೇಗಾದರೂ ಒಳಗೆ ಸೇರಿಕೊಂಡಿದೆ. ಹಾಗೆ ಅಂದುಕೊಂಡು ಅಂಗಳದ ಕಡೆ ನೋಡಿದರೆ, ಮೂಳೆಯ ಮಣೆಯ ಮೇಲೆ ಬೆಕ್ಕು ಕುಳಿತಿತ್ತು. ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು.

ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದಾಗ ಎಲೆಯಲ್ಲಿ ಒಂದು ರೊಟ್ಟಿ ಮಾತ್ರ ಇತ್ತು.

ಹಿರಿಯಡ್ಕಕ್ಕೆ ಹೋದವಳು ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು ಮಾರನೆಯ ದಿನವೇ ಮತ್ತೆ ಕಾಪುವಿಗೆ ಬಂದೆ. ಅಕ್ಕನಿಗೆ ತಿಳಿಯದಂತೆ ನೇರ ಕಡಲಿಗೆ ಹೋಗಿ ಪುಡಿಯನ್ನು ನೀರಿಗೆ ಸುರಿದೆ. ಅಲೆ ಅದನ್ನು ಹಿಂದಕ್ಕೆ ತಂದು ನನ್ನ ಕಾಲಿಗೇ ಹಚ್ಚಿತು. ಮೂರು ಸಲ ತೊಳೆದರೂ ಹೋಗಲಿಲ್ಲ.

ಆಮೇಲೆ ತಂದದ್ದೆಲ್ಲ ಶುದ್ಧ ಹಿಟ್ಟು. ರಾಗಿ, ಎಳ್ಳು, ಹುರುಳಿ, ಆಟಿ ಕಳೆದ ಮೇಲೆ ನುಗ್ಗೆ ಸೊಪ್ಪು. ಅಕ್ಕ ಬೆಳಗ್ಗೆ ಬಿಸಿಲಿನಲ್ಲಿ ಕಡಲ ಬದಿಯಲ್ಲಿ ನಡೆದಳು, ಮಾತ್ರೆ ನುಂಗಿದಳು. ಒಂದೂವರೆ ವರ್ಷದ ಮೇಲೆ ಮಣಿಪಾಲದಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಸವೆಯುವುದು ನಿಂತಿದೆ, ಸ್ವಲ್ಪ ಏರಿದೆ ಎಂದರು. ಕಾರ್ಕಳದ ಹುಡುಗಿ ಕುಣಿಯುವುದೊಂದು ಬಾಕಿ.

"ಇನ್ನು ನೀವೂ ಬೆಟ್ಟ ಹತ್ತಬಹುದು ಅಮ್ಮಾ."

"ಹತ್ತಿ ಎಂತ ಮಾಡುವುದು ಮಗಾ, ಪುನಃ ಇಳಿಯಬೇಕಲ್ಲ" ಎಂದಳು ಅಕ್ಕ.

ನಾನು ನಗಲಿಲ್ಲ. ಏಳು ವಾರದ ಇಪ್ಪತ್ತೊಂದು ಚಮಚ ಪುಡಿ ಎಲ್ಲಿ, ಒಂದೂವರೆ ವರ್ಷದ ಸೊಪ್ಪು, ಕಾಳು, ರಾಗಿ ಎಲ್ಲಿ. ಆ ಮೂಳೆಯನ್ನು ಕಟ್ಟಿದ್ದು ನನ್ನ ಪುಡಿಯಲ್ಲ. ನನ್ನ ಪಾಪದ ಅಗತ್ಯವೇ ಇರಲಿಲ್ಲ. ಪಾಪ ಮಾಡಿದ್ದಕ್ಕಿಂತ ಅದು ಬೇಡದ ಪಾಪ ಎಂದು ತಿಳಿದದ್ದು ನನ್ನನ್ನು ಹೆಚ್ಚು ಸುಟ್ಟಿತು.

ಆದರೂ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಇರಲು ಬಿಡದೆ ಇದ್ದದ್ದು ಅಕ್ಕನ ಒಂದು ಮಾತು. ಪುಡಿ ನಿಂತದ್ದರಿಂದ ವಾಸನೆಯೂ ನಿಂತಿತ್ತು, ಬೆಕ್ಕೂ ಬರುತ್ತಿರಲಿಲ್ಲ. ಅಕ್ಕ ಮಣೆಯನ್ನು ಅಂಗಳದಲ್ಲೇ ಬಿಟ್ಟಿದ್ದಳು. ಆಸ್ಪತ್ರೆಯಿಂದ ಬಂದ ದಿನ ರೊಟ್ಟಿ ಮುರಿಯುತ್ತಾ ಕೇಳಿದಳು.

"ಬೇಬಿ, ಅವರು ಯಾಕೆ ಬರುವುದು ಬಿಟ್ಟರು? ನಾನು ಎಂತ ತಪ್ಪು ಮಾಡಿದೆ?"

"ನೀನು ಎಂತ ಮಾಡಿದ್ದೀ ಅಕ್ಕ, ಎಂತದೂ ಇಲ್ಲ."

"ಅಲ್ಲ, ಎಂತದೋ ಉಂಟು. ಬಾವಿಯ ನೀರು ಉಪ್ಪು ಅಂತ ಯಾವಾಗಲೂ ದೂರು ಹೇಳುತ್ತಿದ್ದೆ. ಅದಕ್ಕೆ ಬೇಜಾರಾಗಿರಬಹುದು."

ನನ್ನ ಸುಳ್ಳಿಗೆ ಅವಳು ತನ್ನಲ್ಲಿ ತಪ್ಪು ಹುಡುಕುತ್ತಿದ್ದಳು. ಬಾಯಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯಲು ಕುಳಿತೆ. ಮಿಲ್ಲಿನ ಹಳೆಯ ನೋಟ್‌ಬುಕ್ಕಿನಲ್ಲಿ, ನೀವು ಈವರೆಗೆ ಓದಿದ್ದನ್ನೆಲ್ಲ ಬರೆದೆ. ಕಳೆದ ಭಾನುವಾರ, ಪೇಪರ್ ಓದುವ ಹೊತ್ತಿಗೆ, ಪೇಪರಿನ ಬದಲು ಇದನ್ನು ತೆಗೆದೆ. ಅಕ್ಕ ಮೂಳೆಯ ಮಣೆಯ ಮೇಲೆ ಕುಳಿತಿದ್ದಳು. ನಾನು ತುಳು ಮಾಡಿ ಓದುತ್ತಾ ಹೋದೆ. ಮೂಳೆಯ ಕತೆಗೆ ನಕ್ಕಳು. ಸುಂದರಕ್ಕನ ಮಾತಿಗೆ ನಕ್ಕಳು. ಡಬ್ಬದ ಜಾಗ ಬಂದಾಗ ನಾನು ಹಾಳೆ ತಿರುಗಿಸಲು ಹೋದೆ.

"ಹಾರಿಸಬೇಡ" ಎಂದಳು.

ಹಾರಿಸಲಿಲ್ಲ. ಕೊನೆಯವರೆಗೂ ಓದಿದೆ. ಅವಳು ಬೈದಿದ್ದರೆ, ನೋಟ್‌ಬುಕ್ ಎಸೆದಿದ್ದರೆ ನನಗೆ ಹಗುರಾಗುತ್ತಿತ್ತು.

"ಆಟಿಯ ದಿನ ಎಲೆಗೆ ಬಡಿಸಿದ ರೊಟ್ಟಿ" ಎಂದಳು ಅಕ್ಕ. "ಅದರಲ್ಲೂ ಹಾಕಿದ್ದೆಯಾ?"

ಅದನ್ನು ನಾನು ಬರೆದಿರಲಿಲ್ಲ. ಬರೆಯಲು ಹೆದರಿಕೆಯಾಗಿತ್ತು.

"ಇಲ್ಲ ಅಕ್ಕ. ಆ ವಾರ ಬರೀ ರಾಗಿ, ಎಳ್ಳು. ಬದುಕಿದ್ದವರಿಗೆ ಸುಳ್ಳು ಹೇಳಿದೆ. ಸತ್ತವರ ಎಲೆಗೆ ಸುಳ್ಳು ಬಡಿಸಲಿಕ್ಕೆ ಧೈರ್ಯ ಬರಲಿಲ್ಲ."

"ದೇವರ ಆಣೆಗೂ?"

"ಭಾವನ ಆಣೆ."

ಅಕ್ಕ ಎದ್ದು ನಿಂತಳು. ಅವಳ ಮೊಣಕಾಲು ಸದ್ದು ಮಾಡಲಿಲ್ಲ. "ಹಾಗಾದರೆ ಆ ದಿನ ಬಂದದ್ದು ಅವರೇ" ಎಂದಳು. ಅದನ್ನು ನನಗೆ ಹೇಳಲಿಲ್ಲ, ಮಣೆಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆ ಏಳು ವಾರ ನೀನು ತಿನ್ನಿಸಿದ್ದು ಎಂತ ಅಂತ ನಾನು ಯೋಚನೆ ಮಾಡುವುದಿಲ್ಲ. ಮಾಡಿದರೆ ನಿನ್ನ ಮುಖ ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ. ನಿನ್ನ ಹಿಟ್ಟು ಇನ್ನು ನನಗೆ ಬೇಡ."

ನಾನು ತಂದಿದ್ದ ಹಿಟ್ಟಿನ ಚೀಲವನ್ನು ಅವಳು ಜಗಲಿಯಲ್ಲೇ ಬಿಟ್ಟಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಅಮ್ಮನ ಬೀಸುಕಲ್ಲನ್ನು ತೊಳೆದು ಒರೆಸಿ ಒಣಗಿಸಿ, ರಾಗಿ ತಂದು ಕುಳಿತಳು. ನಾನು ಗೂಟ ಹಿಡಿಯಲು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿದಳು. ಮುರಿದು ಕೂಡಿದ ಆ ಎಡಗೈ ಗೂಟ ಹಿಡಿದು ಗರಗರನೆ ತಿರುಗಿತು, ಒಮ್ಮೆಯೂ ನಿಲ್ಲಲಿಲ್ಲ. ಬಲಗೈ ಮುಷ್ಟಿ ಮುಷ್ಟಿ ರಾಗಿ ಹಾಕುತ್ತಲೇ ಇತ್ತು. ಒಬ್ಬಳ ಊಟಕ್ಕೆ ಅಷ್ಟು ಬೇಡ ಎಂದು ಹಿಟ್ಟಿನ ಮಿಲ್ಲಿನವಳಿಗೆ ಬೇಗ ಗೊತ್ತಾಗುತ್ತದೆ.

"ಸಾಕಲ್ಲ ಅಕ್ಕ, ಇಷ್ಟು ಯಾರಿಗೆ?"

"ಇಬ್ಬರಿಗೆ" ಎಂದಳು, ತಲೆ ಎತ್ತದೆ.

ಆ ಹೊತ್ತಿಗೆ ಬೆಕ್ಕು ಎಲ್ಲಿಂದಲೋ ಬಂದು ಹೊಸ್ತಿಲಿನಲ್ಲಿ ಕುಳಿತು, ನಮ್ಮಿಬ್ಬರ ನಡುವಿನ ಖಾಲಿ ಜಾಗವನ್ನು ಕತ್ತೆತ್ತಿ ನೋಡತೊಡಗಿತು. ಅಕ್ಕ ಹೇಳಿದ ಆ ಇಬ್ಬರಲ್ಲಿ ನಾನಿದ್ದೇನೋ ಇಲ್ಲವೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.